ಗಾದಿಯ ಮೇಲಿಂದ: ಸರಪಳಿಯ ಬಾಕಿ



ಕಳೆದ ತಿಂಗಳು ಇದೇ ಪುಟದಲ್ಲಿ ಉದ್ರಿ ವ್ಯಾಪಾರದ ಬಗ್ಗೆ ಬರೆದಿದ್ದೆವು. ಅದನ್ನು ಓದಿದ ಹಿರಿಯರೊಬ್ಬರು ಕಾರ್ಡು ಬರೆದು, "ಜನ ನಿಮಗೆ ಕೊಡಬೇಕಾದ ಬಾಕಿಯನ್ನೇ ಬರೆದಿದ್ದೀರಿ. ನೀವು ಕೊಡಬೇಕಾದ ಬಾಕಿ ಯಾವುದೂ ಇಲ್ಲವೇ?" ಎಂದು ಕೇಳಿದ್ದಾರೆ. ಇದೆ. ಅದು ಮನುಷ್ಯರದ್ದಲ್ಲ, ಒಂದು ನಾಯಿಯದು. ಈ ಸಲ ಅದನ್ನೇ ಬರೆಯುತ್ತೇವೆ. ನಮ್ಮ ತಪ್ಪೂ ಇದರಲ್ಲಿ ಬರುವುದರಿಂದ ಬರೆಯಲು ಸ್ವಲ್ಪ ಸಂಕೋಚವಾಗುತ್ತದೆ. ಆದರೂ ನಮ್ಮಂಥ ವ್ಯಾಪಾರಸ್ಥರ ಮನೆಗಳಲ್ಲಿ ಇದು ಉಪಯೋಗಕ್ಕೆ ಬಂದೀತು.

ನಮ್ಮದು ಜತ್ತದಲ್ಲಿ ಅಡತಿ ಅಂಗಡಿ. ಜೋಳ, ಕಡಲೆ, ಈಚಿನ ವರ್ಷಗಳಲ್ಲಿ ಬೇದಾಣೆ ವ್ಯಾಪಾರ. 2020ರಲ್ಲಿ ಊರ ಹೊರಗೆ ಒಂದು ಹಳೆಯ ವಖಾರ ಕೊಂಡೆವು. ವಖಾರದ ಜೊತೆಗೆ ತಕ್ಕಡಿ, ಎರಡು ಕಬ್ಬಿಣದ ಕಪಾಟು ಮತ್ತು ಒಂದು ನಾಯಿ ಬಂದವು. ನಮ್ಮ ಕಡೆ ಕಾರವಾನಿ ಎನ್ನುತ್ತಾರಲ್ಲ, ಸಣ್ಣ ನಡು, ಉದ್ದ ಕಾಲು, ಚೂಪು ಮೋರೆಯ ಜಾತಿ. ಮುಧೋಳದ ನಾಯಿಯ ಬಳಗದ್ದೇ. ಹಿಂದಿನ ಮಾಲಕರು ಕಾವಲಿಗೆಂದು ಮರಿಯಿದ್ದಾಗಲೇ ತಂದು ಕಂಬಕ್ಕೆ ಕಟ್ಟಿದ್ದರಂತೆ. ಸರಪಳಿಯ ಉದ್ದ ನಾಲ್ಕು ಅಡಿ. ಅದರ ಜೋಪಾನ ಮಾಡುತ್ತಿದ್ದ ಮುದುಕ ಕಾವಲುಗಾರ ನಾವು ವಖಾರ ಕೊಂಡ ಕೆಲ ತಿಂಗಳಲ್ಲೇ ತೀರಿಕೊಂಡ. ಆಮೇಲೆ ಹಮಾಲರು ದೂರದಿಂದಲೇ ರೊಟ್ಟಿ ಎಸೆಯುತ್ತಿದ್ದರು. ನೀರಿನ ಡಬ್ಬಿಯನ್ನು ಕೋಲಿನಿಂದ ಸರಿಸುತ್ತಿದ್ದರು. ಹತ್ತಿರ ಯಾರೂ ಹೋಗುತ್ತಿರಲಿಲ್ಲ. ಹೋದರೆ ಕಚ್ಚುತ್ತದೆ ಎಂಬ ಖ್ಯಾತಿ ಅದಕ್ಕಿತ್ತು.

ನಾವೂ ದಿನಾ ನೋಡುತ್ತಿದ್ದೆವು. ಕಾವಲು ನಾಯಿ ಅಂದಮೇಲೆ ಸಿಟ್ಟು ಇರಬೇಕಾದದ್ದೇ ಎಂದು ಸಮಾಧಾನ ಮಾಡಿಕೊಂಡೆವು. ಅದೇ ಎರಡು ವರ್ಷಗಳಲ್ಲಿ ಪಾಂಜರಪೋಳಕ್ಕೆ ತಪ್ಪದೆ ದೇಣಿಗೆ ಕೊಟ್ಟೆವು. ಜೀವದಯೆಯ ಪಾವತಿಗಳನ್ನು ಫೈಲಿನಲ್ಲಿ ಜೋಡಿಸಿಟ್ಟೆವು. ಆ ಫೈಲು ಇದ್ದ ಕಪಾಟಿಗೂ ಆ ಕಂಬಕ್ಕೂ ಮೂವತ್ತು ಹೆಜ್ಜೆ.

2022ರ ದಶಲಕ್ಷಣ ಪರ್ವದಲ್ಲಿ ಒಂದು ದಿನ ಬಸದಿಯಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಮೇಲೆ ಪ್ರವಚನವಿತ್ತು. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಪಂಡಿತರು ವಿವರಿಸಿದರು. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಹೊತ್ತಿಗೆ ಅನ್ನ ನೀರು ಕೊಡದಿರುವುದು. ಐವತ್ತು ವರ್ಷಗಳಿಂದ ಕೇಳುತ್ತ ಬಂದ ಮಾತು. ವಧವಲ್ಲ, ಬಂಧವೇ ಮೊದಲು ಬರುತ್ತದೆ ಎಂಬುದನ್ನು ಅಂದೇ ಗಮನಿಸಿದ್ದು. ಮನೆಗೆ ಬರುವ ದಾರಿಯಲ್ಲಿ ನಮ್ಮ ಮನೆಯವರು ಒಂದೇ ಮಾತು ಕೇಳಿದರು: "ವಖಾರದ ನಾಯಿಯ ಸರಪಳಿ ಯಾರ ಖಾತೆಗೆ ಬರುತ್ತದೆ?"

ಉತ್ತರ ಕೊಡಲಾಗಲಿಲ್ಲ. ಮರುದಿನ ಬೆಳಿಗ್ಗೆಯೇ ಇಬ್ಬರೂ ವಖಾರಕ್ಕೆ ಹೋದೆವು. ಅಂದು ನಾವು ಮಾಡಿದ ತಪ್ಪನ್ನು ವಾಚಕರು ಮಾಡಬಾರದು. ಅದಕ್ಕೇ ವಿವರವಾಗಿ ಬರೆಯುತ್ತೇವೆ.

ಪುಣ್ಯ ಕಟ್ಟಿಕೊಳ್ಳುವ ಆತುರದಲ್ಲಿ ನಾವು ನೇರವಾಗಿ ನಾಯಿಯ ಎದುರಿಗೆ ಹೋಗಿ ಬಗ್ಗಿದೆವು. ನಾಯಿ ಬೊಗಳಲಿಲ್ಲ. ಒಮ್ಮೆ ಆಕಳಿಸಿತು, ಮೂಗು ನೆಕ್ಕಿಕೊಂಡಿತು, ಮುಖ ಆ ಕಡೆ ತಿರುಗಿಸಿತು. ಅದು ಶಾಂತವಾಗಿದೆ ಎಂದು ತಿಳಿದು ಕೊಕ್ಕೆ ಬಿಚ್ಚಲು ಕೈ ಹಾಕಿದೆವು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಲಗೈ ಹೆಬ್ಬೆರಳಿನ ಕೆಳಗೆ ನಾಲ್ಕು ಹಲ್ಲು ಇಳಿದಿದ್ದವು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಗೊತ್ತಿತ್ತು. ಬೊಗಳದ ನಾಯಿಯ ಬಗ್ಗೆ ಗಾದೆ ಏನೂ ಹೇಳಿರಲಿಲ್ಲ.

ಒಬ್ಬ ಹಮಾಲ ಖಾರದ ಪುಡಿ ತರಲು ಓಡಿದ. ಇನ್ನೊಬ್ಬ ಸುಣ್ಣ ಹಚ್ಚಬೇಕೆಂದ. ನಮ್ಮ ಮನೆಯವರು ಇಬ್ಬರನ್ನೂ ತಡೆದು, ನಳದ ಕೆಳಗೆ ಕೈ ಹಿಡಿಸಿ, ಸಾಬೂನು ಹಚ್ಚಿ ಗಡಿಯಾರ ನೋಡುತ್ತ ಹದಿನೈದು ನಿಮಿಷ ತೊಳೆದರು. ಇದನ್ನು ಪ್ರತಿ ಮನೆಯವರೂ ನೆನಪಿಡಬೇಕು. ಖಾರ, ಸುಣ್ಣ, ಅರಿಸಿನ, ಎಣ್ಣೆ ಯಾವುದೂ ಬೇಡ. ಸಾಬೂನು, ಹರಿಯುವ ನೀರು, ಹದಿನೈದು ನಿಮಿಷ, ಕೂಡಲೇ ಸರಕಾರಿ ಆಸ್ಪತ್ರೆ. ರಕ್ತ ಬಂದ ಗಾಯವಾದ್ದರಿಂದ ಗಾಯದೊಳಗೇ ಒಂದು ಸೀರಮ್ ಚುಚ್ಚುಮದ್ದು ಕೊಟ್ಟರು. ಲಸಿಕೆಯನ್ನು ಮೊದಲ ದಿನ, ಮೂರನೆಯ, ಏಳನೆಯ ಮತ್ತು ಇಪ್ಪತ್ತೆಂಟನೆಯ ದಿನ ಹಾಕಿದರು. ಹಿಂದಿನ ಕಾಲದಂತೆ ಹೊಟ್ಟೆಗೆ ಹದಿನಾಲ್ಕು ಚುಚ್ಚುವ ಪದ್ಧತಿ ಈಗಿಲ್ಲ. ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿತೆಂದರೆ ಮನುಷ್ಯ ಉಳಿಯುವುದಿಲ್ಲವೆಂದೇ ತಿಳಿಯಬೇಕು. ಹೊತ್ತಿಗೆ ಸರಿಯಾಗಿ ಲಸಿಕೆ ಪೂರೈಸಿದರೆ ರೋಗವನ್ನು ತಡೆಯಬಹುದು. ಆದ್ದರಿಂದ ಇಲ್ಲಿ ಜಿಪುಣತನವಾಗಲಿ ನಾಚಿಕೆಯಾಗಲಿ ಸಲ್ಲದು.

ಅಂದು ರಾತ್ರಿ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಹಿರಿಯ ಮಗ, "ಪಿಕಪ್ಪಿನಲ್ಲಿ ಹಾಕಿ ದೂರದ ಹಾದಿಗೆ ಬಿಟ್ಟು ಬರುತ್ತೇನೆ. ಮನೆಯಲ್ಲಿ ಸಣ್ಣ ಹುಡುಗರಿದ್ದಾರೆ" ಎಂದ. ಅವನ ಮಾತಿನಲ್ಲಿ ತಂದೆಯ ಕಾಳಜಿ ಇತ್ತು. ಅದನ್ನು ನಾವು ತಪ್ಪೆನ್ನುವುದಿಲ್ಲ. ಆದರೆ ಹಾಗೆ ಬಿಟ್ಟು ಬಂದರೆ ಆ ನಾಯಿ ಹಸಿವೆಯಿಂದ ಸಾಯಬೇಕು, ಇಲ್ಲವೆ ಬೇರೆಯವರ ಮಗುವನ್ನು ಕಚ್ಚಬೇಕು. ಹಸಿದು ಬಾಯಾರಿ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಡುವುದೂ ಅದೇ ಕಾಯಿದೆಯಲ್ಲಿ ಅಪರಾಧವೇ. ಅಂದರೆ ಧರ್ಮದ ಖಾತೆಯಲ್ಲಿಯೂ ಸರಕಾರದ ಖಾತೆಯಲ್ಲಿಯೂ ನಾವು ಬಾಕಿದಾರರು. ಹತ್ತು ದಿನ ನಾಯಿಯ ಮೇಲೆ ಕಣ್ಣಿಡಲು ಆಸ್ಪತ್ರೆಯಲ್ಲಿ ಹೇಳಿದ್ದರು. ಕಚ್ಚಿದಾಗ ಅದಕ್ಕೆ ರೋಗ ಅಂಟಿಸುವ ಸ್ಥಿತಿ ಇದ್ದರೆ ಅಷ್ಟರೊಳಗೆ ಅದು ಜಡ್ಡು ಬಿದ್ದು ಸಾಯುತ್ತದೆ. ಹತ್ತು ದಿನ ಕಳೆದವು. ನಾಯಿ ನೆಟ್ಟಗಿತ್ತು. ಹನ್ನೊಂದನೆಯ ದಿನ ಪಶುವೈದ್ಯರನ್ನು ಕರೆಸಿದೆವು. ಅಂದು ಸೋಮವಾರ. ಮೊಮ್ಮಗಳು ಅದಕ್ಕೆ ಸೋಮ್ಯಾ ಎಂದು ಹೆಸರಿಟ್ಟಳು.

ಪಶುವೈದ್ಯರು ಮಂಪರಿನ ಔಷಧಿ ಕೊಟ್ಟು ಕೊರಳ ಪಟ್ಟಿಯನ್ನು ಕತ್ತರಿಸಿದರು. ಮರಿಯಿದ್ದಾಗ ಹಾಕಿದ ಪಟ್ಟಿ. ನಾಯಿ ಬೆಳೆದಿತ್ತು, ಪಟ್ಟಿ ಬೆಳೆದಿರಲಿಲ್ಲ. ಚರ್ಮದೊಳಗೆ ಇಳಿದು ಸುತ್ತಲೂ ಕೀವಾಗಿತ್ತು. ಎಡ ಕಿವಿಯೊಳಗೂ ಹುಣ್ಣು. ವೈದ್ಯರು ನಮ್ಮ ಕೈಯ ಬ್ಯಾಂಡೇಜು ನೋಡಿ, "ಸಾವುಕಾರರೇ, ನೀವು ಕೈ ಹಾಕಿದ್ದು ಈ ಗಾಯದ ಮೇಲೆ. ನಿಮ್ಮ ಹುಣ್ಣಿನ ಮೇಲೆ ಅಪರಿಚಿತನೊಬ್ಬ ಕೈಯಿಟ್ಟರೆ ನೀವು ಏನು ಮಾಡುತ್ತಿದ್ದಿರಿ?" ಎಂದರು. ಆ ಮೇಲೆ ಅವರು ಹೇಳಿದ ಮಾತು ನಮ್ಮ ಎರಡು ವರ್ಷದ ತಿಳಿವಳಿಕೆಯನ್ನು ತಲೆಕೆಳಗು ಮಾಡಿತು. "ಇದು ಸಿಟ್ಟಿನ ನಾಯಿಯಲ್ಲ, ಅಂಜಿದ ನಾಯಿ. ಓಡಿಹೋಗಲು ಸರಪಳಿ ಬಿಡಲಿಲ್ಲ. ಉಳಿದದ್ದು ಬಾಯಿ ಒಂದೇ."

ಆಕಳಿಸಿದ್ದು, ಮೂಗು ನೆಕ್ಕಿಕೊಂಡದ್ದು, ಮುಖ ತಿರುಗಿಸಿದ್ದು ಎಲ್ಲವೂ "ದೂರ ಹೋಗು" ಎಂಬ ವಿನಂತಿಯಂತೆ. ನಾಯಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ. ಮೊದಲು ಆಕಳಿಕೆ, ಆಮೇಲೆ ಕಣ್ಣಿನ ಬಿಳಿ ಕಾಣುವಂತೆ ಓರೆನೋಟ, ಬಾಲ ಕಾಲ ಸಂದಿಗೆ, ಮೈ ಸೆಟೆದು ನಿಲ್ಲುವುದು, ಗುರ್ರೆನ್ನುವುದು, ಗಾಳಿಯಲ್ಲಿ ಬಾಯಿ ಹಾಕುವುದು, ಕೊನೆಗೆ ಕಚ್ಚುವುದು. ಸೋಮ್ಯಾ ಮೊದಮೊದಲು ಗುರ್ರೆಂದಾಗಲೆಲ್ಲ ಯಾರೋ ಕೋಲಿನಿಂದ ಹೊಡೆದಿರಬೇಕು. ಹೊಡೆದರೆ ಅಂಜಿಕೆ ಹೋಗುವುದಿಲ್ಲ, ಗುರುಗುಟ್ಟುವುದು ಮಾತ್ರ ಹೋಗುತ್ತದೆ. ಅಂಥ ನಾಯಿ ಮುನ್ಸೂಚನೆ ಇಲ್ಲದೆ ಕಚ್ಚುತ್ತದೆ. ನಮ್ಮ ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ಗುರುಗುಟ್ಟುವುದು ದಾವೆ ಹೂಡುವ ಮೊದಲು ಕಳಿಸುವ ನೋಟೀಸು. ನೋಟೀಸು ಹರಿದು ಒಗೆದರೆ ದಾವೆ ತಪ್ಪುವುದಿಲ್ಲ.

ಸೋಮ್ಯಾ ಮಂಪರಿನಲ್ಲಿದ್ದಾಗಲೇ ಅವನನ್ನು ವಖಾರದ ಹಿತ್ತಲಿಗೆ ಸಾಗಿಸಿದೆವು. ಇಪ್ಪತ್ತು ಅಡಿಗೆ ಹದಿನೈದು ಅಡಿ ಜಾಗಕ್ಕೆ ಎತ್ತರದ ತಂತಿ ಜಾಳಿಗೆ, ಮೇಲೆ ತಾಡಪತ್ರಿ. ಒಂದು ದೊಡ್ಡ ಕಟ್ಟಿಗೆ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಒಳಗೆ ಗೋಣಿತಟ್ಟು ಹಾಸಿದೆವು. ಅವನು ಪೆಟ್ಟಿಗೆಯೊಳಗೆ ಹೋದಮೇಲೆ ಯಾರೂ ಇಣುಕಬಾರದು, ಕರೆಯಬಾರದು ಎಂದು ಎಲ್ಲರಿಗೂ ತಾಕೀತು ಮಾಡಿದೆವು. ಸರಪಳಿಯನ್ನು ಗುಜರಿಗೆ ಹಾಕಿದೆವು.

ಇನ್ನು ಊಟದ ಮಾತು. ನಮ್ಮ ವಾಚಕರಿಗೆ ಮೊದಲು ಬರುವ ಸಂಶಯ ಇದೇ ಇದ್ದೀತು. ವೈದ್ಯರನ್ನು ಕೇಳಿದೆವು. ಬೆಕ್ಕು ಮಾಂಸವಿಲ್ಲದೆ ಆರೋಗ್ಯದಿಂದ ಬದುಕಲಾರದು. ನಾಯಿಯ ಮಾತು ಹಾಗಲ್ಲ. ಬೇಳೆ, ಮೊಸರು, ಪನೀರು ಸಾಕಷ್ಟಿದ್ದು ಆಗಾಗ ತೂಕ, ರಕ್ತ ನೋಡಿಸುತ್ತಿದ್ದರೆ ಶಾಕಾಹಾರದಲ್ಲೇ ಚೆನ್ನಾಗಿ ಬದುಕಬಲ್ಲದು ಎಂದರು. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಗೆ ವಿಷ, ರಕ್ತ ಕೆಡಿಸುತ್ತವೆ. ಅವು ನಮ್ಮ ಅಡಿಗೆ ಮನೆಗೆ ಬರುವುದೇ ಇಲ್ಲವಾದ್ದರಿಂದ ಆ ಚಿಂತೆ ತಪ್ಪಿತು. ಆದರೆ ದ್ರಾಕ್ಷಿ, ಬೇದಾಣೆ ಕೂಡ ನಾಯಿಯ ಮೂತ್ರಪಿಂಡವನ್ನು ಹಾಳುಮಾಡಬಲ್ಲವು ಎಂದಾಗ ಗಾಬರಿಯಾದೆವು. ವಖಾರದ ತುಂಬ ಬೇದಾಣೆ ಪೆಟ್ಟಿಗೆಗಳೇ. ಹಮಾಲರು ಪ್ರೀತಿಯಿಂದ ಒಂದು ಮುಷ್ಟಿ ಎಸೆದಿದ್ದರೂ ಮುಗಿದಿತ್ತು. ದ್ರಾಕ್ಷಿ ಸೀಮೆಯ ವಾಚಕರು ಇದನ್ನು ವಿಶೇಷವಾಗಿ ನೆನಪಿಡಬೇಕು. ಚಾಕಲೇಟೂ ಬೇಡ.

ಹೊತ್ತು ತಪ್ಪಿಸಬಾರದು ಎಂಬುದು ವೈದ್ಯರ ಎರಡನೆಯ ಮಾತು. ಮುಂದೇನು ಆಗುತ್ತದೆ ಎಂದು ಗೊತ್ತಿದ್ದರೆ ಅಂಜಿದ ಜೀವಕ್ಕೆ ಅರ್ಧ ಧೈರ್ಯ ಬರುತ್ತದೆ. ನಮ್ಮ ಮನೆಯಲ್ಲಿ ಸೂರ್ಯಾಸ್ತದ ಮೊದಲೇ ಊಟ ಮುಗಿಯುತ್ತದೆ. ಸೋಮ್ಯಾನಿಗೂ ಅದೇ ಹೊತ್ತು ಗೊತ್ತಾಯಿತು. ಮೂರೇ ವಾರದಲ್ಲಿ ಸಂಜೆ ಐದೂವರೆಗೆ ಪೆಟ್ಟಿಗೆಯಿಂದ ಮೂಗು ಹೊರಗೆ ಬರತೊಡಗಿತು.

ಮುಖ್ಯ ಕೆಲಸ ಸುಮ್ಮನೆ ಕೂಡುವುದು. ದಿನಾ ಮಧ್ಯಾಹ್ನ ಅರ್ಧ ತಾಸು ನಾವು ಕಿರ್ದಿ ಪುಸ್ತಕ ತೆಗೆದುಕೊಂಡು ಜಾಳಿಗೆಯಿಂದ ಹತ್ತು ಅಡಿ ಹೊರಗೆ ಕುರ್ಚಿ ಹಾಕಿಕೊಂಡು ಪಕ್ಕಕ್ಕೆ ತಿರುಗಿ ಕೂಡುತ್ತಿದ್ದೆವು. ಎದುರಾಗಿ ಕೂಡಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಮೇಲಿಂದ ಬಾಗಬಾರದು, ಕರೆಯಬಾರದು. ಆಗಾಗ ಪನೀರಿನ ಒಂದು ಚೂರನ್ನು ಅವನತ್ತ ಒಗೆದು ಮತ್ತೆ ಲೆಕ್ಕ ನೋಡುವುದು. ತಿಂದರೆ ತಿನ್ನಲಿ, ಬಿಟ್ಟರೆ ಬಿಡಲಿ. ಮೊದಲ ಹದಿನೆಂಟು ದಿನ ನಾವು ಎದ್ದು ಹೋಗುವವರೆಗೆ ಒಂದು ಚೂರನ್ನೂ ಮುಟ್ಟಲಿಲ್ಲ. ಹತ್ತೊಂಬತ್ತನೆಯ ದಿನ ನಾವಿರುವಾಗಲೇ ತಿಂದ. ಆ ದಿನದ ಕಿರ್ದಿಯಲ್ಲಿ ಅಂಚಿಗೆ ಒಂದು ಗುರುತು ಹಾಕಿದ್ದೇವೆ, ಈಗಲೂ ಇದೆ.

ಇದರ ಹಿಂದಿನ ತತ್ತ್ವ ಕಷ್ಟದ್ದಲ್ಲ. ರಷ್ಯಾದ ಪಾವ್ಲೋವ್ ಎಂಬ ವಿಜ್ಞಾನಿ, 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು, ಊಟದ ಮುಂಚೆ ಬರುವ ಸದ್ದಿಗೂ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ತೋರಿಸಿದರು. ಒಂದರ ಬೆನ್ನಿಗೆ ಒಂದು ಬಂದರೆ ಮನಸ್ಸು ಎರಡನ್ನೂ ಗಂಟುಹಾಕುತ್ತದೆ. ತೆನಾಲಿ ರಾಮನ ಬೆಕ್ಕಿನ ಕಥೆಯೂ ಅದೇ ಅಲ್ಲವೇ? ಒಮ್ಮೆ ಬಾಯಿ ಸುಟ್ಟುಕೊಂಡ ಬೆಕ್ಕು ಹಾಲು ಕಂಡರೆ ಓಡುತ್ತಿತ್ತು. ಸೋಮ್ಯಾನಿಗೆ ಮನುಷ್ಯ ಎಂದರೆ ಕೋಲು ಎಂದು ಗಂಟುಬಿದ್ದಿತ್ತು. ಮನುಷ್ಯ ಎಂದರೆ ಪನೀರು ಎಂದು ಹೊಸ ಗಂಟು ಹಾಕಬೇಕಿತ್ತು. ಸುಟ್ಟುಕೊಳ್ಳಲು ಒಂದು ಗಳಿಗೆ ಸಾಕು, ಮರೆಯಲು ತಿಂಗಳುಗಳು ಬೇಕು. ನಂಬಿಕೆಯ ಖಾತೆಯಲ್ಲಿ ಜಮೆ ಪೈಸೆ ಪೈಸೆಯಾಗಿ ಆಗುತ್ತದೆ, ಖರ್ಚು ರೂಪಾಯಿಯಲ್ಲಿ ಬೀಳುತ್ತದೆ.

ಅಂಥ ಖರ್ಚು ಎರಡು ಸಲ ಬಿತ್ತು. ಮೊದಲನೆಯದು ದೀಪಾವಳಿಯಲ್ಲಿ. ಊರಿನ ಪಟಾಕಿ ಸದ್ದಿಗೆ ಮೂರು ದಿನ ಪೆಟ್ಟಿಗೆ ಬಿಟ್ಟು ಹೊರಬರಲಿಲ್ಲ. ಕುರ್ಚಿಯನ್ನು ಮತ್ತೆ ಹತ್ತು ಅಡಿ ಹಿಂದಕ್ಕೆ ಸರಿಸಬೇಕಾಯಿತು. ಎರಡನೆಯದು 2023ರ ಬೇಸಿಗೆಯಲ್ಲಿ. ಅಷ್ಟರಲ್ಲಿ ಅವನು ನಮ್ಮ ಮೊಣಕಾಲಿಗೆ ಮೂಗು ತಾಗಿಸಿ ಹೋಗುತ್ತಿದ್ದ. ಹೊಸ ಹಮಾಲನೊಬ್ಬ ತಿಳಿಯದೆ ಬಿದಿರು ಗಳ ಹಿಡಿದು ಹಿತ್ತಲಿಗೆ ಬಂದ. ಜಾಳಿಗೆಯ ಬಾಗಿಲನ್ನು ನಾವು ಅರೆ ತೆರೆದಿಟ್ಟಿದ್ದೆವು. ಸೋಮ್ಯಾ ಹಾರಿ ಅವನ ಧೋತರ ಹರಿದ. ಪುಣ್ಯಕ್ಕೆ ಚರ್ಮಕ್ಕೆ ತಾಗಲಿಲ್ಲ. ತಪ್ಪು ಹಮಾಲನದಲ್ಲ, ನಾಯಿಯದೂ ಅಲ್ಲ. ಬಾಗಿಲು ತೆರೆದಿಟ್ಟ ನಮ್ಮದು. ಧೋತರದ ಬೆಲೆ ಕೊಟ್ಟು ಕ್ಷಮೆ ಕೇಳಿದೆವು. ಹಿರಿಯ ಮಗ ಅಂದು ಏನೂ ಮಾತಾಡಲಿಲ್ಲ. ಮರುದಿನ ತಾನೇ ನಿಂತು ಎರಡನೆಯ ಬಾಗಿಲು ಹಾಕಿಸಿದ. ಒಂದು ಮುಚ್ಚಿದಮೇಲೆಯೇ ಇನ್ನೊಂದು ತೆರೆಯಬೇಕು.

ಅಂದಿನಿಂದ ಮುಖಬುಟ್ಟಿಯ ಅಭ್ಯಾಸವನ್ನೂ ಮಾಡಿಸಿದೆವು. ಬಾಯಿಗೆ ಬಿಗಿಯಾಗಿ ಕಟ್ಟುವ ಪಟ್ಟಿ ಬೇಡ. ಬುಟ್ಟಿಯಂತಿದ್ದು ಒಳಗೆ ಬಾಯಿ ತೆರೆದು ತೇಕಲು, ನೀರು ಕುಡಿಯಲು ಬರುವಂಥದ್ದು ಬೇಕು. ನಾಯಿ ಮೈಯ ಸೆಕೆಯನ್ನು ಹೊರಹಾಕುವುದೇ ಮುಖ್ಯವಾಗಿ ತೇಕಿನಿಂದ. ನಮ್ಮ ಕಡೆಯ ಬಿಸಿಲಿನಲ್ಲಿ ಬಾಯಿ ಕಟ್ಟಿದರೆ ಜೀವಕ್ಕೇ ಅಪಾಯ. ಬುಟ್ಟಿಯ ತಳಕ್ಕೆ ಮೊಸರು ಸವರಿ ಹಿಡಿದೆವು. ಅವನೇ ಮೂಗು ತೂರಿಸಿ ನೆಕ್ಕಿದ. ಹದಿನೈದು ದಿನ ಬರೀ ಹೀಗೇ. ಆಮೇಲೆ ಒಂದು ಗಳಿಗೆ ಕೊಂಡಿ ಹಾಕಿ ತೆಗೆಯುವುದು, ಕ್ರಮೇಣ ಹೆಚ್ಚು ಹೊತ್ತು. ಈಗ ಬುಟ್ಟಿ ಕಂಡರೆ ತಾನೇ ಮೋರೆ ಚಾಚುತ್ತಾನೆ. ವೈದ್ಯರ ಬಳಿ ಹೋಗುವಾಗ, ಅಪರಿಚಿತರು ಬಂದಾಗ ಅದು ಇರಲೇಬೇಕು. ಪ್ರತಿ ವರ್ಷ ಹುಚ್ಚುರೋಗದ ಲಸಿಕೆ ತಪ್ಪಿಸಿಲ್ಲ. ಸಂತಾನಹರಣ ಶಸ್ತ್ರಕ್ರಿಯೆಯೂ ಆಗಿದೆ.

ಮಕ್ಕಳ ವಿಷಯದಲ್ಲಿ ನಮ್ಮ ನಿಯಮ ಕಲ್ಲಿನ ಮೇಲೆ ಬರೆದಂಥದ್ದು. ದೊಡ್ಡವರಿಲ್ಲದೆ ಯಾವ ಮಗುವೂ ಜಾಳಿಗೆಯ ಹತ್ತಿರ ಹೋಗಬಾರದು. ಉಣ್ಣುವಾಗ, ಮಲಗಿದಾಗ ಮುಟ್ಟಬಾರದು. ಅಪ್ಪಿಕೊಳ್ಳಬಾರದು. ಅಂಜಿದ ನಾಯಿಗೆ ಅಪ್ಪುಗೆಯೂ ಒಂದು ಸರಪಳಿಯೇ. ಮೊಮ್ಮಗಳು ಜಾಳಿಗೆಯ ಹೊರಗೆ ಕುಳಿತು ಶಾಲೆಯ ಪಾಠವನ್ನು ಗಟ್ಟಿಯಾಗಿ ಓದುತ್ತಾಳೆ, ಅವನು ಒಳಗೆ ಮಲಗಿ ಕೇಳುತ್ತಾನೆ. ಅವರ ಸ್ನೇಹ ಅಷ್ಟೇ, ಅಷ್ಟು ಸಾಕು. ಮನೆಯಲ್ಲಿ ತೀರ ಎಳೆಯ ಮಕ್ಕಳಿದ್ದು, ಇಷ್ಟು ಜಾಗ, ಇಷ್ಟು ಹೊತ್ತು ಇಲ್ಲದವರು ಕಚ್ಚುವ ನಾಯಿಯನ್ನು ಮನೆಯೊಳಗೆ ತರಬಾರದು. ಬಲ್ಲವರ ಕೈಗೆ ಒಪ್ಪಿಸುವುದೇ ಆಗ ದಯೆ.

ನಾಯಿಯ ಮೇಲೆ ಇಷ್ಟೊಂದು ಖರ್ಚು ಏಕೆ ಎಂದು ಕೇಳುವವರಿದ್ದಾರೆ. ಜೀವಂಧರನ ಕಥೆಯನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಏಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಅವನು ಪಂಚನಮಸ್ಕಾರ ಮಂತ್ರ ಹೇಳಿದ, ಅದು ಸುದರ್ಶನ ಯಕ್ಷನಾಗಿ ಹುಟ್ಟಿತು. ನಾವು ಆ ಕಥೆಯನ್ನು ಮಂತ್ರದ ಮಹಿಮೆಗಾಗಿ ಹೇಳುತ್ತೇವೆ. ಸರಿಯೇ. ಆದರೆ ಮಂತ್ರ ಹೇಳಲು ಅವನು ನಾಯಿಯ ಬಳಿ ಹೋದ ಎಂಬುದನ್ನು ಮರೆಯುತ್ತೇವೆ. ನಾವು ಮೂವತ್ತು ಹೆಜ್ಜೆ ನಡೆಯಲು ಎರಡು ವರ್ಷ ತೆಗೆದುಕೊಂಡೆವು.

ಈಗ ಮೂರು ವರ್ಷ ದಾಟಿದೆ. ಪವಾಡ ಏನೂ ನಡೆದಿಲ್ಲ. ಅಪರಿಚಿತರು ತಲೆ ಸವರಲು ಬಂದರೆ ಸೋಮ್ಯಾ ಈಗಲೂ ಗುರ್ರೆನ್ನುತ್ತಾನೆ. ಅವನು ಮತ್ತೆ ಗುರ್ರೆನ್ನಲು ಕಲಿತದ್ದೇ ನಮಗೆ ಸಂತೋಷ. ನಾವು ನೋಟೀಸು ಓದಿ ಹಿಂದೆ ಸರಿಯುತ್ತೇವೆ ಎಂಬ ನಂಬಿಕೆ ಅವನಿಗೆ ಬಂದಿದೆ. ಕೋಲು ಕಂಡರೆ ಇಂದಿಗೂ ನಡುಗುತ್ತಾನೆ. ಬಹುಶಃ ಅದು ಅವನ ಜೊತೆಗೇ ಹೋಗುತ್ತದೆ. ಆದರೆ ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಹಿರಿಯ ಮಗ ಅವನನ್ನು ಒಳಗೆ ಕರೆತರುತ್ತಾನೆ. ಹೌದು, ಹಾದಿಗೆ ಬಿಟ್ಟು ಬರುತ್ತೇನೆಂದ ಮಗನೇ. ಗಾದಿಯ ಪಕ್ಕದಲ್ಲಿ ಗೋಣಿತಟ್ಟಿನ ಮೇಲೆ ಹೊಟ್ಟೆ ಮೇಲೆ ಮಾಡಿ ಮಲಗುತ್ತಾನೆ. ನಾಯಿ ಬಾಲ ಡೊಂಕು ಎನ್ನುತ್ತಾರೆ. ಸೋಮ್ಯಾನ ಬಾಲದ ಡೊಂಕು ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ಅದು ಕಾಲ ಸಂದಿಯಿಂದ ಹೊರಗೆ ಬಂದಿದೆ.

ವಾಚಕರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ವಖಾರ, ತೋಟದ ಮನೆ, ಗಿರಣಿಯ ಹಿತ್ತಲಲ್ಲಿ ಕಂಬಕ್ಕೆ ಕಟ್ಟಿದ ನಾಯಿ ಇದೆಯೇ? ನಾಳೆ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಒಮ್ಮೆ ಹೋಗಿ ನೋಡಿ. ಕೈ ಹಾಕಬೇಡಿ. ದೂರ ನಿಂತು ಸರಪಳಿ ಎಷ್ಟು ಅಡಿ, ನೀರಿನ ಡಬ್ಬಿ ತುಂಬಿದೆಯೇ, ಕೊರಳ ಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟು ಜಾಗವಿದ್ದಂತೆ ಕಾಣುತ್ತದೆಯೇ, ಅಷ್ಟು ನೋಡಿ. ಆಮೇಲೆ ಪಶುವೈದ್ಯರಿಗೆ ಹೇಳಿಕಳಿಸಿ. ಪಾಂಜರಪೋಳದ ಪಾವತಿ ಹರಿಸುವುದನ್ನು ನಿಲ್ಲಿಸಬೇಡಿ. ಆದರೆ ಮನೆಯ ಬಾಕಿ ಮೊದಲು.

ಬರುವ ತಿಂಗಳು ಬೇರೆ ವಿಷಯದೊಂದಿಗೆ ಭೇಟಿಯಾಗೋಣ. ಜೈ ಜಿನೇಂದ್ರ.